ಉಳಿದ ಆಟಗಳು

ಕದಿರೇಶ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ರಟ್ಟಿನ ಪೆಟ್ಟಿಗೆಯಲ್ಲಿದ್ದ ಸಿ.ಡಿ.ಗಳನ್ನು ಒಂದೊಂದಾಗಿ ತೆಗೆದು ಎರಡು ರಾಶಿ ಮಾಡುತ್ತಿದ್ದ.

"ಇದು ಕಾರಿಂದು, ಓಡ್ತದೆ. ಇದು ಹೊಡೆದಾಟದ್ದು, ಇದೂ ಓಡ್ತದೆ. ಏನ್ಲಾ ವೆಂಕಟ್ ಇದು? ಬರೀ ಮುದುಕಿ ಚಿತ್ರ ಐತೆ. ಇದು ಬ್ಯಾಡ."

ಬೇಕಾದವು ಬಲಕ್ಕೆ ಹೋಗುತ್ತಿದ್ದವು, ಬೇಡವಾದವು ಎಡಕ್ಕೆ. ಬಲಗಡೆಯದು ಒಂದು ಹಿಡಿಯಲ್ಲಿ ಹಿಡಿಯುವಷ್ಟಿತ್ತು. ಎಡಗಡೆಯ ರಾಶಿ ಎತ್ತರವಾಗಿ, ಜಾರಿ, ಕಂಬದವರೆಗೂ ಹರಡಿಕೊಂಡಿತ್ತು.

ಕೋಲಾರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕದಿರೇಶ ವಿಡಿಯೋ ಗೇಮಿನ ಅಂಗಡಿ ತೆರೆಯುವವನಿದ್ದ. ಅದೇ ಗಲ್ಲಿಯ ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ವೆಂಕಟ್, ನಮ್ಮ ಮನೆಯಲ್ಲಿ ಜಪಾನಿನ ಮೆಷಿನ್ನೊಂದು ಸುಮ್ಮನೆ ಬಿದ್ದಿದೆ ಎಂದು ಹೇಳಿ, ಭಾನುವಾರ ಅವನನ್ನು ಸುಗಟೂರಿಗೆ ಕರೆದುಕೊಂಡು ಬಂದಿದ್ದ. ವೆಂಕಟನ ಅಪ್ಪ ಆಂಜಿನಪ್ಪ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಹರಿದ ಗೋಣಿಚೀಲಕ್ಕೆ ದಬ್ಬಳ ಹಾಕುತ್ತಿದ್ದ. ಮಗಳು ಅನಿತ ಬಾಗಿಲಿಗೆ ಒರಗಿ ನಿಂತು ಕದಿರೇಶನ ಕೈಯನ್ನೇ ನೋಡುತ್ತಿದ್ದಳು.

ಕದಿರೇಶ ಪೆಟ್ಟಿಗೆ ಬರಿದು ಮಾಡಿದ ಮೇಲೆ ಅವಳು ಬಂದು, ಎಡಗಡೆಯ ರಾಶಿಯಿಂದ ಒಂದು ಸಿ.ಡಿ.ಯನ್ನು ಆರಿಸಿ ಬಲಗಡೆಯ ರಾಶಿಯ ಮೇಲಿಟ್ಟಳು. ಅದರ ಮುಖದ ಮೇಲೆ ಎತ್ತರದವನೊಬ್ಬ, ಗಿಡ್ಡನೊಬ್ಬ, ಇಬ್ಬರೂ ಸೇರಿ ಒಂದು ಬೀರು ಹೊತ್ತುಕೊಂಡಿರುವ ಚಿತ್ರವಿತ್ತು. ಕದಿರೇಶ ನಕ್ಕು ಅದನ್ನು ಮತ್ತೆ ಎಡಕ್ಕೆ ಹಾಕಿದ. ಅವಳು ಮತ್ತೆ ಬಲಕ್ಕಿಟ್ಟಳು. ಅವನು ಮತ್ತೆ ತೆಗೆದ.

"ಬಿಡೋ, ಅವಳಿಗೆ ತಮಾಷೆ," ಎಂದ ವೆಂಕಟ್.

ಆಂಜಿನಪ್ಪ ದಬ್ಬಳ ನಿಲ್ಲಿಸಿ ಮಗಳ ಮುಖ ನೋಡಿದ. ಅದರಲ್ಲಿ ತಮಾಷೆ ಇರಲಿಲ್ಲ.

ಆ ಮೆಷಿನ್ನು ಅವರ ಮನೆಗೆ ಬಂದಿದ್ದು ರೇಷ್ಮೆಯ ದೆಸೆಯಿಂದ. ಬಿಳಿ ಗೂಡಿನ ತಳಿ ಬೆಳೆಸುವುದನ್ನು ಕಲಿಸಲು ಜಪಾನಿನಿಂದ ಬಂದಿದ್ದ ಇನೋವೆ ಎಂಬ ಸಾಹೇಬರು ಸುಗಟೂರಿನ ಹುಳುಮನೆಗಳಿಗೆ ಆಗಾಗ ಬರುತ್ತಿದ್ದರು. ಬೇರೆ ಮನೆಗಳಲ್ಲಿ ಅವರಿಗೆ ಕುರ್ಚಿ ಹಾಕಿ ಬಾಟಲಿ ಸೋಡಾ ತರಿಸಿದರೆ, ಆಂಜಿನಪ್ಪನ ಹೆಂಡತಿ ಶ್ಯಾಮಲಮ್ಮ ಜಗಲಿಯ ಮೇಲೇ ಕೂರಿಸಿ ಮಜ್ಜಿಗೆ ಅನ್ನ, ನಿಂಬೆಕಾಯಿ ಉಪ್ಪಿನಕಾಯಿ ಬಡಿಸುತ್ತಿದ್ದಳು. ಭಾಷೆ ಬಾರದವರ ಜೊತೆ ಮಾತಾಡುವುದು ಅವಳಿಗೆ ಹೊಸದೇನಲ್ಲ. ಕೈಯಲ್ಲೇ ಬೇಕಾ, ಸಾಕಾ, ಖಾರವಾ ಎಂದು ಕೇಳುತ್ತಿದ್ದಳು, ಸಾಹೇಬರು ಕೈಯಲ್ಲೇ ಹೇಳುತ್ತಿದ್ದರು. ಊರಿಗೆ ಹಿಂತಿರುಗುವ ಹೊತ್ತಿನಲ್ಲಿ ಅವರು ಜೀಪಿನಲ್ಲಿ ತಮ್ಮ ಕೋಣೆಯ ಟಿ.ವಿ., ಸೆಗಾ ಸ್ಯಾಟರ್ನ್ ಎಂದು ಬರೆದಿದ್ದ ಬೂದು ಬಣ್ಣದ ಮೆಷಿನ್ನು, ಆಟ ಆಡಿಸುವ ಎರಡು ರಿಮೋಟು, ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರ್ ಮತ್ತು ಪೆಟ್ಟಿಗೆ ತುಂಬ ಸಿ.ಡಿ. ತಂದು ಈ ಮನೆಯಲ್ಲಿ ಇಳಿಸಿ, ಶ್ಯಾಮಲಮ್ಮನಿಗೆ ಸೊಂಟ ಬಗ್ಗಿಸಿ ಕೈಮುಗಿದು ಹೋಗಿದ್ದರು.

ಆ ಟಿ.ವಿ.ಗೆ ವೆಂಕಟ್ ಎಷ್ಟು ತಿಣುಕಿದರೂ ದೂರದರ್ಶನ ಹಿಡಿಯಲಿಲ್ಲ. ಆಟಕ್ಕಲ್ಲದೆ ಬೇರೆ ಯಾವುದಕ್ಕೂ ಅದು ಬರುತ್ತಿರಲಿಲ್ಲ. ಮೊದಮೊದಲು ಊರಿನ ಹುಡುಗರೆಲ್ಲ ಬಂದು ಕಾರು ಓಡಿಸಿದರು, ಹೊಡೆದಾಡಿದರು. ಆ ಸಿ.ಡಿ.ಗಳು ಗೀಚಿ ಗೀಚಿ ಮಸುಕಾದವು. ಉಳಿದವನ್ನು ಹಾಕಿದರೆ ಯಾರೋ ಜಪಾನಿ ಭಾಷೆಯಲ್ಲಿ ಮಾತಾಡುತ್ತ ಕೂರುತ್ತಿದ್ದರು. ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಕೊನೆಗೆ ಹುಡುಗರು ಕೆರೆ ಬಯಲಿನ ಕ್ರಿಕೆಟ್ಟಿಗೆ ಮರಳಿದರು. ಮೆಷಿನ್ನು ಅನಿತಳ ಪಾಲಿಗೆ ಉಳಿಯಿತು.

ಅನಿತಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಹಾಗಾಗಿ ಮಾತೂ ಬರಲಿಲ್ಲ. ಅವಳಿಗೂ ತಾಯಿಗೂ ನಡುವೆ ಒಂದು ಕೈಭಾಷೆ ತಾನಾಗಿ ಬೆಳೆದಿತ್ತು. ಸೊಪ್ಪಿಗೆ ಒಂದು ಸನ್ನೆ, ಸೋಮವಾರಕ್ಕೊಂದು, ಸಿಟ್ಟಿಗೊಂದು, ಊರಿನ ಪ್ರತಿಯೊಬ್ಬರಿಗೂ ಒಂದೊಂದು. ತಾಯಿ ಮಗಳು ಹುಳುಮನೆಯಲ್ಲಿ ಕೂತು ಗಂಟೆಗಟ್ಟಲೆ ಹರಟುತ್ತಿದ್ದರು, ಒಮ್ಮೊಮ್ಮೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ವೆಂಕಟನಿಗೆ ಅದು ಚೂರುಪಾರು ಬರುತ್ತಿತ್ತು, ಆಂಜಿನಪ್ಪ ಕಲಿಯಲೇ ಇಲ್ಲ. ಕಲಿಯುವ ಅಗತ್ಯ ಬೀಳಲಿಲ್ಲ. ಮಗಳಿಗೆ ಏನಾದರೂ ಹೇಳಬೇಕಾದರೆ ಹೆಂಡತಿಗೆ ಹೇಳಿದರೆ ಆಗುತ್ತಿತ್ತು.

ಹಿಂದಿನ ವರ್ಷ ಸಂಕ್ರಾಂತಿಗೆ ಮುಂಚೆ ಶ್ಯಾಮಲಮ್ಮನಿಗೆ ಕಾಮಾಲೆ ಬಂತು. ಹಬ್ಬದ ಹೊತ್ತಿಗೆ ಅವಳಿರಲಿಲ್ಲ. ಆಮೇಲೆ ಆ ಮನೆಯಲ್ಲಿ ತಂದೆ ಮಗಳು ಇಬ್ಬರೇ. ಅವನು ತಟ್ಟೆಯ ಮುಂದೆ ಕೂತರೆ ಅವಳು ಮುದ್ದೆ ಇಡುತ್ತಿದ್ದಳು. ಅವನು ಸೊಪ್ಪಿನ ಹೊರೆ ಇಳಿಸಿದರೆ ಅವಳು ಹುಳುಗಳಿಗೆ ಹಾಕುತ್ತಿದ್ದಳು. ಬೇಕಾದ್ದನ್ನು ಬೆರಳಿಂದ ತೋರಿಸುವುದು ಬಿಟ್ಟರೆ ಇನ್ನೇನೂ ಇರಲಿಲ್ಲ. ಕೆಲವು ದಿನ ಅವನಿಗೆ ಮನೆಗೆ ಹೋಗುವುದೇ ಬೇಡವೆನಿಸಿ, ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕತ್ತಲಾಗುವವರೆಗೂ ಕೂತಿರುತ್ತಿದ್ದ.

ಇದನ್ನು ಕಂಡು ಅವನ ಅಕ್ಕ ಪಾಪಕ್ಕನೇ ದಾರಿ ತೋರಿದ್ದಳು. ನಂಗಲಿಯ ಹೆದ್ದಾರಿ ಬದಿಯಲ್ಲಿ ಅವಳದೊಂದು ಹೋಟೆಲು. ಲಾರಿಗಳು ನಿಲ್ಲುವ ಜಾಗ. "ಹುಡ್ಗೀನ ನನ್ ಹತ್ರ ಕಳ್ಸು. ಹೆಣ್ಮಗು, ಹೆಣ್ಣು ದಿಕ್ಕಿರೋ ಕಡೆ ಇರ್ಲಿ. ನೀನು ಕೋಲಾರದಲ್ಲಿ ಮಗನ ಹತ್ರ ಇರು," ಎಂದಿದ್ದಳು. ಆಂಜಿನಪ್ಪ ಒಪ್ಪಿದ್ದ. ಈಗ ಮೇಯುತ್ತಿರುವ ಹುಳು ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಪಾಪಕ್ಕ ಬಂದು ಅನಿತಳನ್ನು ಕರೆದುಕೊಂಡು ಹೋಗುವುದು, ಕದಿರೇಶ ಮೆಷಿನ್ನನ್ನು ಒಯ್ಯುವುದು ಎಂದಾಗಿತ್ತು. ಇದನ್ನು ಅನಿತಳಿಗೆ ಯಾರೂ ಹೇಳಿರಲಿಲ್ಲ. ಅಂಥದ್ದನ್ನು ಹೇಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಕದಿರೇಶ ಬಂದುಹೋದ ಮಾರನೆಯ ಮಧ್ಯಾಹ್ನ ಆಂಜಿನಪ್ಪ ತೋಟದಿಂದ ಬಂದಾಗ ಕರೆಂಟು ಬಂದಿತ್ತು. ಒಳಗೆ ಟಿ.ವಿ.ಯ ನೀಲಿ ಬೆಳಕು. ಅಲ್ಲಿ ಕೂತ ಮಗಳ ಬೆನ್ನನ್ನು ಅವನು ದಿನವೂ ನೋಡುತ್ತಿದ್ದ, ನೋಡಿ ಹಿತ್ತಿಲಿಗೆ ಹೋಗುತ್ತಿದ್ದ. ಅಂದು ಯಾಕೋ ಬಾಗಿಲಲ್ಲೇ ನಿಂತ.

ಪರದೆಯ ಮೇಲೆ ಆ ಎತ್ತರದವನೂ ಗಿಡ್ಡನೂ ಇದ್ದರು. ಇಬ್ಬರೂ ಮನೆ ಸಾಮಾನು ಸಾಗಿಸುವ ಕೂಲಿಗಳು. ಒಂದು ನಿಲುವುಗನ್ನಡಿಯನ್ನು ಹಿಂದೊಬ್ಬ ಮುಂದೊಬ್ಬ ಹಿಡಿದುಕೊಂಡು ಇಕ್ಕಟ್ಟಿನ ಗಲ್ಲಿಯಲ್ಲಿ ಹೋಗುತ್ತಿದ್ದರು. ಸೈಕಲ್ಲು ಬಂದರೆ ನಿಲ್ಲಬೇಕು, ಮೆಟ್ಟಿಲು ಬಂದರೆ ಕೆಳಗಿದ್ದವನು ಕೈ ಎತ್ತಬೇಕು, ತಿರುವಿನಲ್ಲಿ ಒಬ್ಬ ನಿಂತು ಇನ್ನೊಬ್ಬ ಸುತ್ತು ಹಾಕಬೇಕು. ಇಬ್ಬರು ಕೂತು ಆಡುವ ಆಟ ಅದು. ಅನಿತ ಒಬ್ಬಳೇ ಆಡುತ್ತಿದ್ದಳು. ಎತ್ತರದವನನ್ನು ಅವಳು ಕೈಯಲ್ಲಿ ನಡೆಸುತ್ತಿದ್ದಳು. ಗಿಡ್ಡನ ರಿಮೋಟನ್ನು ನೆಲದ ಮೇಲಿಟ್ಟು ಕಾಲ ಬೆರಳುಗಳಿಂದ ಒತ್ತುತ್ತಿದ್ದಳು. ಗುಂಡಿಗಳ ಮೇಲೆ ಕಾಲುಂಗುರವಿಲ್ಲದ ಬೆರಳುಗಳು ಎಷ್ಟು ಹಗುರವಾಗಿ ಓಡಾಡುತ್ತಿದ್ದವೆಂದರೆ, ಅವಳು ಎಷ್ಟೋ ಕಾಲದಿಂದ ಹೀಗೇ ಆಡುತ್ತಿದ್ದಾಳೆಂದು ಅವನಿಗೆ ತಿಳಿಯಿತು.

ಅವನು ಹೋಗಿ ಪಕ್ಕದಲ್ಲಿ ಕೂತ. ಅವಳು ಬೆಚ್ಚಿ ತಿರುಗಿದಳು. ಅವನು ಅವಳ ಪಾದದ ಕೆಳಗಿನ ರಿಮೋಟನ್ನು ಎತ್ತಿಕೊಂಡ.

ಮೊದಲ ಕನ್ನಡಿ ಮನೆಯ ಬಾಗಿಲಲ್ಲೇ ಒಡೆಯಿತು. ಎರಡನೆಯದು ಸೈಕಲ್ಲಿನವನ ತಲೆಯ ಮೇಲೆ. ಆಮೇಲೊಂದನ್ನು ಅವನ ಗಿಡ್ಡ ತನ್ನ ಪಾಡಿಗೆ ಹೊತ್ತು ಓಡಿ, ಎತ್ತರದವನನ್ನು ಎಳೆದುಕೊಂಡು ಹೋಗಿ ಚರಂಡಿಗೆ ಬಿದ್ದ. ಅನಿತ ನಕ್ಕಳು. ಮೂಗಿನಿಂದಲೂ ಗಂಟಲಿನಿಂದಲೂ ಒಟ್ಟಿಗೆ ಹೊರಡುವ ಒರಟು ನಗು. ಶ್ಯಾಮಲಮ್ಮ ಹೋದ ಮೇಲೆ ಆಂಜಿನಪ್ಪ ಅದನ್ನು ಕೇಳಿರಲಿಲ್ಲ. ಹುಳುಮನೆಯ ಆ ಹರಟೆಯಲ್ಲಿ ಅವನು ದೂರದಿಂದ ಕೇಳುತ್ತಿದ್ದ ನಗುವೇ ಅದು.

ಅವಳು ಅವನ ಮಣಿಕಟ್ಟು ಹಿಡಿದು, ಅಂಗೈಯನ್ನು ನೆಲದತ್ತ ತಿರುಗಿಸಿ ಮೆಲ್ಲಗೆ ಒತ್ತಿದಳು. ನಿಧಾನ.

"ನಿದಾನ," ಎಂದು ಅವನು ಬಾಯಲ್ಲೂ ಹೇಳಿ, ಕೈಯಲ್ಲೂ ಮಾಡಿದ.

ಅಂದಿನಿಂದ ಸೊಪ್ಪು ಹಾಕಿದ ಮೇಲಿನ ಮಧ್ಯಾಹ್ನಗಳಲ್ಲಿ ಕರೆಂಟಿದ್ದರೆ ಇಬ್ಬರೂ ಕೂರತೊಡಗಿದರು. ಪೆಟ್ಟಿಗೆಯಲ್ಲಿ ಇಷ್ಟೊಂದು ಇದೆಯೆಂದು ಆಂಜಿನಪ್ಪನಿಗೆ ಗೊತ್ತೇ ಇರಲಿಲ್ಲ. ಒಂದು ಆಟದಲ್ಲಿ ಹಿಮ ಬೀಳುವ ಸಣ್ಣ ರೈಲು ನಿಲ್ದಾಣ. ರೈಲು ಬರುವ ಹೊತ್ತಿಗೆ ಲಾಂದ್ರ ಹಿಡಿದು ನಿಲ್ಲಬೇಕು, ಇಳಿದವರಿಗೆ ಬಾಗಬೇಕು, ಹಿಮ ಗುಡಿಸಬೇಕು, ಮತ್ತೆ ಕಾಯಬೇಕು. ಅಷ್ಟೇ ಆಟ. ಕಾಯುವ ಹೊತ್ತಿನಲ್ಲಿ ಒಂದು ನರಿ ಹಳಿಯ ಆಚೆ ಬಂದು ಕೂತು ಹೋಗುತ್ತಿತ್ತು. ಇನ್ನೊಂದರಲ್ಲಿ ಊರವರೆಲ್ಲ ಸ್ನಾನಕ್ಕೆ ಬರುವ ಬಿಸಿನೀರಿನ ಮನೆ. ಒಲೆಗೆ ಸೌದೆ ಒಟ್ಟುವ ಕೆಲಸ. ಬಿಸಿ ಹೆಚ್ಚಾದರೆ ಜನ ಚೀರಿಕೊಂಡು ಏಳುತ್ತಿದ್ದರು, ಆರಿದರೆ ಮುಖ ಸಿಂಡರಿಸುತ್ತಿದ್ದರು. ಇದು ಆಂಜಿನಪ್ಪನಿಗೆ ಹಿಡಿಸಿತು. ಚಳಿಗಾಲದಲ್ಲಿ ಹುಳುಮನೆಗೆ ಕೆಂಡದ ಬಾಂಡ್ಲಿ ಇಟ್ಟು ಹದ ಕಾಯ್ದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುದುಕಿಯ ಚಿತ್ರವಿದ್ದದ್ದು ಮಾತ್ರ ಅವನಿಗೆ ಬಗೆಹರಿಯಲಿಲ್ಲ. ಅಂಗಡಿಯ ಮುದುಕಿ ಒಂದೇ ಸಮನೆ ಮಾತಾಡುತ್ತಿದ್ದಳು, ಅವಳಿಗೇನೋ ತಂದುಕೊಡಬೇಕಿತ್ತು. ಅನಿತ ಮುದುಕಿಯ ಹುಬ್ಬು ನೋಡುತ್ತಿದ್ದಳು, ಅವಳ ಕಣ್ಣು ಯಾವ ಕಪಾಟಿನತ್ತ ಹೊರಳಿತು ಎಂದು ನೋಡುತ್ತಿದ್ದಳು, ಆಟದೊಳಗೇ ಹೋಗಿ ಕೊಡೆಯನ್ನೋ ಬೆಕ್ಕನ್ನೋ ತಂದುಕೊಡುತ್ತಿದ್ದಳು. ಮುದುಕಿ ನಗುತ್ತಿದ್ದಳು.

ಭಾನುವಾರ ಬಂದ ವೆಂಕಟ್ ಅದನ್ನು ಆಡಲು ಹೋಗಿ, ಸ್ವಲ್ಪ ಹೊತ್ತಿಗೇ ರಿಮೋಟು ಕೆಳಗಿಟ್ಟ. "ಏನ್ ಹೇಳ್ತಾಳೋ ಒಂದಕ್ಷರ ತಿಳೀದೆ ಹೆಂಗಪ್ಪ ಆಡೋದು?"

ಅನಿತ ಅಣ್ಣ ಕೆಳಗಿಟ್ಟ ರಿಮೋಟು ತೆಗೆದುಕೊಂಡು, ಮುದುಕಿಗೆ ಅವಳ ಕನ್ನಡಕ ಹುಡುಕಿಕೊಟ್ಟಳು.

ಆಟದಲ್ಲಿ ಕಲಿತ ಸನ್ನೆಗಳು ಆಟದಲ್ಲೇ ಉಳಿಯಲಿಲ್ಲ. ಹುಳುಗಳ ದೊಡ್ಡ ತಟ್ಟೆಯನ್ನು ಇಬ್ಬರೂ ಎರಡು ಕಡೆ ಹಿಡಿದು ಬಾಗಿಲು ದಾಟಿಸುವಾಗ ಅವಳು ಗಲ್ಲ ಎತ್ತಿದರೆ ಅವನು ನಿಲ್ಲುತ್ತಿದ್ದ. ನೀರು ಕಾದಿದೆ, ಹಸು ಹಾಲು ಕೊಡಲಿಲ್ಲ, ಅಂಗಡಿಯವನು ಮೋಸಗಾರ ಎಂಬಷ್ಟು ಅವನಿಗೆ ತಿಳಿಯತೊಡಗಿತು. ಹುಳು ಮೂರನೆಯ ಜ್ವರಕ್ಕೆ ಮಲಗಿ ಎದ್ದವು. ಮೇವು ಬಿಟ್ಟು ತಲೆಯೆತ್ತಿ ಮಲಗಿ ಪೊರೆ ಕಳಚುವ ಆ ಹೊತ್ತನ್ನು ರೇಷ್ಮೆಯವರು ಜ್ವರವೆನ್ನುತ್ತಾರೆ. ನಾಲ್ಕು ಜ್ವರ ಕಳೆದರೆ ಗೂಡು ಹತ್ತಿರ.

ಇನ್ನೊಂದು ಭಾನುವಾರ ಅನಿತ ಅಣ್ಣನಿಗೆ ಏನೋ ಹೇಳುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಮತ್ತೆ ಮುಂದೆ ತಂದು ಮಾತು ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಮಾಡಿದಳು.

"ಅದೇನೋ ಅದು, ಕತ್ತು ತಿರುಗ್ಸೋದು?" ಎಂದು ಆಂಜಿನಪ್ಪ ಕೇಳಿದ.

ವೆಂಕಟ್ ತಡವರಿಸಿದ. "ಅದು ನೀನೇ ಕಣಪ್ಪ. ಅಪ್ಪ ಅಂತ ಅನ್ನೋಕೆ ಅವಳು ಹಂಗೇ ಮಾಡೋದು. ಸಣ್ಣೋಳಿದ್ದಾಗ್ಲಿಂದಾನೂ."

"ಕತ್ತು ತಿರುಗ್ಸಿದ್ರೆ ನಾನಾ?"

"ನೀನು ಮಾತಾಡುವಾಗೆಲ್ಲ ಅವಳ ಕಡೆ ನೋಡ್ದೆ ಅಮ್ಮನ ಕಡೆ ತಿರುಗ್ತಿದ್ದೆ ಅಂತ. ಮಗು ನೋಡಿ ಹಂಗೇ ಮಾಡ್ತು, ಅಮ್ಮಾನೂ ಹಂಗೇ ಅಂದ್ಳು. ಅದೇ ಉಳ್ಕೊಂಡ್ತು."

ಆಂಜಿನಪ್ಪ ನಕ್ಕ. ನಕ್ಕು, ಎಮ್ಮೆಗೆ ನೀರಿಡಬೇಕು ಎನ್ನುತ್ತ ಎದ್ದು ಹಿತ್ತಿಲಿಗೆ ಹೋದ. ಅವರ ಮನೆಯಲ್ಲಿ ಎಮ್ಮೆ ಇರಲಿಲ್ಲ. ಹಸು ತಲೆಯೆತ್ತಿ ಅವನನ್ನು ನೋಡಿತು. ಅವನು ಬಹಳ ಹೊತ್ತು ಅದರ ಗಂಗೆದೊಗಲನ್ನು ಸವರುತ್ತ ನಿಂತಿದ್ದ.

ಹುಳು ನಾಲ್ಕನೆಯ ಜ್ವರದಿಂದೆದ್ದು ಮೇವಿಗೆ ಬಿದ್ದಿದ್ದಾಗಲೇ ಪಾಪಕ್ಕ ಬಂದಳು. ಕೋಲಾರಕ್ಕೆ ಮದುವೆಗೆ ಬಂದಿದ್ದವಳು ಹಾಗೇ ಹುಡುಗಿಯನ್ನು ಈಗಲೇ ಕರೆದುಕೊಂಡು ಹೋಗೋಣವೆಂದು ಬಸ್ಸು ಹತ್ತಿದ್ದಳು. ಕೈಯಲ್ಲಿ ಅನಿತಳಿಗೆಂದು ತಂದ ಹಸಿರು ಸೀರೆ, ಒಂದು ಚಿಕ್ಕ ಸೂಟ್‌ಕೇಸು.

"ಏಮ್ರಾ ತಮ್ಮುಡೂ, ಬಡವಾಗಿದ್ದೀಯ," ಎಂದು ಅರ್ಧ ತೆಲುಗಿನಲ್ಲೇ ಅನ್ನುತ್ತ ತಮ್ಮನ ಬೆನ್ನು ಸವರಿ ಕೂತಳು. "ಹಿಂದ್ಗಡೆ ರೂಮಿಗೆ ಸುಣ್ಣ ಹೊಡ್ಸಿದ್ದೀನಿ. ಫ್ಯಾನು ಹಾಕ್ಸಿದ್ದೀನಿ. ಅವಳ ಬಟ್ಟೆಬರೆ ತುಂಬು, ನಾಲ್ಕರ ಬಸ್ಸಿಗೆ ಹೊರಟ್ಬಿಡ್ತೀವಿ."

ಅನಿತ ನೀರು ತಂದುಕೊಟ್ಟಳು. ಅವಳ ಕಣ್ಣು ಸೂಟ್‌ಕೇಸಿನ ಮೇಲೆ ಹೋಯಿತು, ಅತ್ತೆಯ ಮುಖಕ್ಕೆ ಬಂತು, ಅಲ್ಲಿಂದ ಅಪ್ಪನ ಮೇಲೆ ನಿಂತಿತು. ಆಂಜಿನಪ್ಪನಿಗೆ ಎಂದಿನಂತೆ ಬೇರೆ ಕಡೆ ನೋಡಬೇಕೆನ್ನಿಸಿತು. ನೋಡಲಿಲ್ಲ.

"ಅಕ್ಕ, ಅವಳ್ನ ಒಂದ್ ಮಾತು ಕೇಳ್ತೀನಿ."

"ಅವಳ್ನ ಹೆಂಗೋ ಕೇಳ್ತೀಯ?"

ಆಂಜಿನಪ್ಪ ಮಗಳ ಎದುರು ಕುಕ್ಕುರುಗಾಲಲ್ಲಿ ಕೂತ. ಮೊಣಕೈವರೆಗೂ ಬಳೆ ತೋರಿಸಿದ, ಅದು ಪಾಪಕ್ಕ. ಲಾರಿಯ ಸ್ಟಿಯರಿಂಗು ತಿರುಗಿಸಿದ, ಅದು ನಂಗಲಿ. ಅವಳನ್ನು ತೋರಿಸಿದ. ಮಲಗುವುದು, ಏಳುವುದು, ಮಲಗುವುದು, ಏಳುವುದು ಎಂದು ಅಂಗೈಯನ್ನು ಕೆನ್ನೆಗೆ ಹಚ್ಚಿ ಹಚ್ಚಿ ತೆಗೆದ. ಎಷ್ಟೋ ದಿನ ಅಲ್ಲೇ ಎಂದು ಅವನ ಲೆಕ್ಕ. ಅನಿತ ಹುಬ್ಬು ಗಂಟಿಕ್ಕಿದಳು. ತಂದೆಯ ಕೈ ಹಿಡಿದು ಆ ಸನ್ನೆಯನ್ನು ತಿದ್ದಿದಳು. ದಿನ ಎಂದರೆ ಹಾಗಲ್ಲ, ಹೀಗೆ. ಅವನು ಹಾಗೇ ಮಾಡಿದ. ಕೊನೆಗೆ ಎದೆ ಮುಟ್ಟಿ, ಅವಳತ್ತ ಎರಡೂ ಅಂಗೈ ಬಿಚ್ಚಿದ. ನಿನ್ನ ಮನಸ್ಸಲ್ಲಿ ಏನಿದೆ.

ಇಷ್ಟು ದಿನ ತನಗೆ ಹೇಳದೆ ಇದನ್ನು ಇಟ್ಟುಕೊಂಡಿದ್ದರೆಂದು ಅನಿತಳಿಗೆ ಈಗ ಅರ್ಥವಾಗಿತ್ತು. ಕಣ್ಣು ತುಂಬಿ, ಸೆರಗಿನಿಂದ ಒರಟಾಗಿ ಒರಸಿಕೊಂಡು, ತಂದೆಯ ತೋಳಿಗೆ ಒಂದು ಏಟು ಕೊಟ್ಟಳು. ನೋವಾಗುವಂತೆಯೇ ಕೊಟ್ಟಳು. ಆಮೇಲೆ ಅವಳ ಕೈ ಮಾತಾಡತೊಡಗಿತು. ಲಾರಿ, ಲಾರಿ, ಲಾರಿ. ಧೂಳು. ಮುಖಗಳು, ಎಲ್ಲ ಮುಖಗಳಲ್ಲೂ ಬಾಯಿ ಆಡುವುದು. ಅವಳು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು. ಹುಳುಮನೆಯತ್ತ ತೋರಿಸಿದಳು. ಬೆರಳು ಮಡಚಿ ನಾಲ್ಕು ಜ್ವರ ಎಣಿಸಿ ಎದೆ ತಟ್ಟಿಕೊಂಡಳು. ನಾನು. ಬೆಳೆಸೋದು ನಾನು. ಕೊನೆಗೆ ಅತ್ತೆಯ ಕಡೆ ತಿರುಗಿ, ಅಂಗೈ ಮೇಲೆ ಹೋಳಿಗೆ ತಟ್ಟಿ, ಬಸ್ಸು ಹತ್ತಿ, ಅತ್ತೆಯ ಗಲ್ಲ ಹಿಡಿದು ಅಲ್ಲಾಡಿಸಿದಳು. ಅದರ ಜೊತೆ ಇನ್ನೂ ಏನೇನೋ ಹೇಳಿದಳು.

ಪಾಪಕ್ಕ ಬಿಟ್ಟ ಬಾಯಿ ಬಿಟ್ಟಂತೆ ಕೂತಿದ್ದಳು. "ಏನಂದ್ಳೋ?"

"ಬರಲ್ವಂತೆ. ಉಗಾದಿಗೆ ಬತ್ತಾಳಂತೆ ನಿನ್ ಮನೆಗೆ, ಹೋಳಿಗೆ ತಿನ್ನೋಕೆ."

"ಅಷ್ಟೊತ್ತು ಆಡಿದ್ದು ಅಷ್ಟೇನಾ?"

"ನಂಗೆ ಅರ್ಧ ತಿಳೀತು ಅಕ್ಕ."

"ಇನ್ನರ್ಧ?"

"ಕೇಳ್ತೀನಿ ನಿದಾನಕ್ಕೆ."

ಪಾಪಕ್ಕ ನೀರಿನ ಲೋಟವನ್ನು ತಿರುಗಿಸುತ್ತ ಕೂತಳು. "ನಾನೇನ್ ಅವಳ್ನ ದುಡಿಸ್ಕೊಳ್ಳಕ್ಕೆ ಕರೀಲಿಲ್ಲ ಕಣೋ. ನಂಗೂ ಯಾರೂ ಇಲ್ಲ. ಹೆಣ್ಣೊಂದು ಮನೇಲಿದ್ರೆ ಚೆಂದ ಅಂತ."

"ಗೊತ್ತು ಕಣಕ್ಕ."

"ಶ್ಯಾಮಲ ಇದ್ದಿದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ," ಎಂದು ಅವಳು ಮೂಗೊರೆಸಿಕೊಂಡಳು. ಹೊರಡುವಾಗ ಸೀರೆಯನ್ನು ಅನಿತಳ ಭುಜದ ಮೇಲೆ ಹೊದಿಸಿ, ಬಣ್ಣ ಒಪ್ಪುತ್ತದೆಯೇ ಎಂದು ಹಿಂದಕ್ಕೆ ಸರಿದು ನೋಡಿದಳು. ಒಪ್ಪುತ್ತಿತ್ತು. ಅವಳನ್ನು ಬಸ್ಸು ಹತ್ತಿಸಿ ಬರಲು ಅನಿತಳೇ ಜೊತೆಗೆ ಹೋದಳು. ಅತ್ತೆ ದಾರಿಯುದ್ದಕ್ಕೂ ಜೋರಾಗಿ ತೆಲುಗಿನಲ್ಲಿ ಮಾತಾಡುತ್ತ, ಸೊಸೆ ಅವಳ ತುಟಿ ನೋಡುತ್ತ ಹೋಗುವುದು ಜಗಲಿಯಿಂದ ಕಾಣುತ್ತಿತ್ತು.

ಮೆಷಿನ್ನು ಕೊಡುವುದಿಲ್ಲವೆಂದು ವೆಂಕಟ್ ಹೇಳಿದಾಗ ಕದಿರೇಶ ಹೆಚ್ಚು ಬೇಸರಿಸಲಿಲ್ಲ. ಅವನಿಗೆ ಮದ್ರಾಸಿನಿಂದ ಅಂಥದೇ ಇನ್ನೊಂದು ಸಿಗುವುದಿತ್ತು. ಕಾರಿನದೂ ಹೊಡೆದಾಟದ್ದೂ ಮಾತ್ರ ಕೊಡಿ ಎಂದು ಕೇಳಿದ. ಅನಿತ ಅವನ್ನು ಒಂದು ಸೆಣಬಿನ ದಾರದಲ್ಲಿ ಕಟ್ಟಿ ಅಣ್ಣನ ಕೈಗಿಟ್ಟಳು.

ಅದರ ಮರುದಿನ ಸಂಜೆ ತಂದೆ ಮಗಳು ಹುಳುಗಳಿಗೆ ದೊಡ್ಡ ಮೇವು ಹಾಕಿದರು. ಇನ್ನೊಂದೆರಡು ದಿನಕ್ಕೆ ಹುಳು ಹಣ್ಣಾಗಿ, ಮೇವು ಬಿಟ್ಟು ಗೂಡು ಕಟ್ಟುವುದಿತ್ತು. ತಟ್ಟೆ ತಟ್ಟೆಗೂ ರೆಂಬೆ ಸಮೇತ ಸೊಪ್ಪು ಹರಡಿ, ಬಾಗಿಲಿಗೆ ತೇವದ ಗೋಣಿ ಇಳಿಬಿಟ್ಟು, ದಣಿದು ನೆಲದ ಮೇಲೆ ಕೂತರು. ಹುಳು ಕೆಳಗಿನಿಂದ ಮೇಲಕ್ಕೆ ಹತ್ತಿ ತಿನ್ನಲು ಶುರುಮಾಡಿದವು. ಹುಳುಮನೆ ತುಂಬ ಎಲೆ ಕಡಿಯುವ ಸದ್ದು ಏರಿತು. ಆಂಜಿನಪ್ಪ ಗೋಡೆಗೊರಗಿ ಕಣ್ಣು ಮುಚ್ಚಿದ. ಪ್ರತಿ ಬೆಳೆಯಲ್ಲೂ ಈ ಹೊತ್ತಿಗೆ ಅವನು ಹೀಗೆ ಕೂರುತ್ತಿದ್ದ.

ಕಣ್ಣು ಬಿಟ್ಟಾಗ ಅನಿತ ಅವನನ್ನೇ ನೋಡುತ್ತಿದ್ದಳು. ಏನು ಎಂದು ಗಲ್ಲ ಎತ್ತಿದಳು.

ಅವನು ಕಿವಿ ಮುಟ್ಟಿಕೊಂಡ. ತಟ್ಟೆಗಳತ್ತ ತೋರಿಸಿದ. ಅವಳಿಗೆ ತಿಳಿಯಲಿಲ್ಲ. ಹುಳು ಸಾಕುತ್ತಲೇ ಬೆಳೆದವಳು, ಹುಳು ಸದ್ದು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಶ್ಯಾಮಲಮ್ಮನಿಗೂ ಹೊಳೆದಿರಲಿಲ್ಲವೇನೋ.

ಅವನು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಬೋರಲು ಹಾಕಿಕೊಂಡ. ಮಣ್ಣು ಹತ್ತಿದ ತನ್ನ ಬೆರಳ ತುದಿಗಳಿಂದ ಅದರ ಬೆನ್ನಿನ ಮೇಲೆ ತಟ್ಟತೊಡಗಿದ. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಬಿಡದೆ, ಒತ್ತೊತ್ತಾಗಿ, ಹೆಂಚಿನ ಮೇಲೆ ಸೋನೆ ಬೀಳುವ ಹಾಗೆ. ಅನಿತ ಕಿಟಕಿಯ ಆಚೆಯ ಮೋಡವಿಲ್ಲದ ಆಕಾಶ ನೋಡಿದಳು, ತಟ್ಟೆಗಳನ್ನು ನೋಡಿದಳು. ಮೆಲ್ಲಗೆ ಎದ್ದು ಹೋಗಿ ಒಂದು ತಟ್ಟೆಯ ಅಂಚಿಗೆ ಕೆನ್ನೆ ಹಚ್ಚಿ ನಿಂತಳು. ಒಂದು ಕೈಯನ್ನು ಮಾತ್ರ ಹಿಂದಕ್ಕೆ, ಅವನತ್ತ ಚಾಚಿಯೇ ಇದ್ದಳು. ಆಂಜಿನಪ್ಪ ಎದ್ದು ಬಂದು, ಸೊಪ್ಪು ಮುಗಿದು ಹುಳುಗಳು ಸುಮ್ಮನಾಗುವವರೆಗೂ, ಅದರ ಮೇಲೆ ತಟ್ಟುತ್ತ ನಿಂತ.